ಒಂದೇ ಜಾಗದಲ್ಲಿ ಎರಡು ಗಂಟು

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳ ಉಗುರು ಬುಡದಿಂದ ತುದಿಯವರೆಗೆ ಸೀಳಿತ್ತು. ಯಾವ ಕಾಲದಲ್ಲೋ ಕಲ್ಲು ಒಡೆಯುವ ಸುತ್ತಿಗೆ ಬಿದ್ದು ಆದ ಗಾಯ. ಉಗುರು ಬೆಳೆಯುತ್ತಿತ್ತು, ಅವರು ಕತ್ತರಿಸುತ್ತಿದ್ದರು, ಸೀಳು ಮಾತ್ರ ಹಾಗೇ ಇರುತ್ತಿತ್ತು. ಪಾಠ ಮುಗಿಯುವ ಹೊತ್ತಿಗೆ ಅದರೊಳಗೆ ಸೀಮೆಸುಣ್ಣದ ಪುಡಿ ಸೇರಿಕೊಂಡು ಬೆಳ್ಳನೆ ಗೆರೆ ಎಳೆದಂತೆ ಕಾಣುತ್ತಿತ್ತು. ಮೊದಲ ತರಗತಿಯಲ್ಲಿ ಅವರು ಆ ಹೆಬ್ಬೆರಳನ್ನೇ ನಮ್ಮ ಮುಂದೆ ಹಿಡಿದು, "ಇದು ಬಂಡೆ ಅಂದ್ಕೊಳ್ಳಿ. ನೀರು ಎಲ್ಲಿ ಹೋಗುತ್ತೆ ಹೇಳಿ" ಎಂದು ಕೇಳಿದ್ದರು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು. ಮೇಡಂ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಉಗುರಿನ ಮೇಲೆ ಒಂದು ಹನಿ ನೀರು ಬಿಟ್ಟುಕೊಂಡು, ಅದು ಸೀಳು ಹಿಡಿದು ಇಳಿಯುವುದನ್ನು ಬೆಂಚಿನಿಂದ ಬೆಂಚಿಗೆ ತೋರಿಸುತ್ತಾ ಹೋದರು.

ಅದು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜು, ತೊಂಬತ್ತರ ದಶಕ. ಸಿವಿಲ್ ವಿಭಾಗದಲ್ಲಿ ಇದ್ದ ಒಬ್ಬರೇ ಹೆಂಗಸು ಅವರು. ಕೆ. ಹೊಸಕೋಟೆಯ ಅಂಗಡಿ ಮನೆತನದವರು. ಮದುವೆಯಾಗಿರಲಿಲ್ಲ. ಏಕೆ ಎಂದು ಕೇಳುವ ಧೈರ್ಯ ಪ್ರಿನ್ಸಿಪಾಲರಿಗೂ ಇರಲಿಲ್ಲ. ತರಗತಿಯಲ್ಲಿ ಪುಸ್ತಕದಂಥ ಕನ್ನಡ, ಪುಸ್ತಕದಂಥ ಇಂಗ್ಲಿಷ್. ಸಿಟ್ಟು ಬಂದರೆ ಮಾತ್ರ ಹೊಸಕೋಟೆ ನಾಲಿಗೆಗೆ ಬಂದುಬಿಡುತ್ತಿತ್ತು. ನಾನೂ ಅದೇ ಸೀಮೆಯ ಮಗ್ಗೆಯವಳು ಎಂದು ತಿಳಿದ ದಿನ, "ಹಂಗಾದ್ರೆ ನನ್ ಸಿಟ್ಟು ನಿಂಗೆ ಅರ್ಥ ಆಗುತ್ತೆ ಬಿಡು" ಎಂದಿದ್ದರು.

ಅವರಿಗೆ ಬಹಳ ಪ್ರೀತಿಯ ಪದ 'ಗೊತ್ತು'. ನಾವು ಉತ್ತರ ಹೇಳಲು ತಡವರಿಸಿದರೆ ರೇಗುತ್ತಿದ್ದರು. "ಗೊತ್ತಿದ್ರೆ ಗೊತ್ತು ಅನ್ನು. ಅದೇನು ಹಂಗೆ ಮುಲುಕ್ತೀಯ!" ಅವರ ಬಾಯಲ್ಲಿ ಆ ಪದ ಕೇಳುವುದೇ ಒಂದು ಧೈರ್ಯ. ಗಂಡಸರೇ ತುಂಬಿದ ಮೀಟಿಂಗುಗಳಲ್ಲಿ ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ ಮೇಲೆ ಇವರು ಕನ್ನಡಕ ತೆಗೆದು, "ಇದು ನನಗೆ ಗೊತ್ತು" ಎನ್ನುತ್ತಿದ್ದರು. ಅಲ್ಲಿಗೆ ಮೀಟಿಂಗ್ ಮುಗಿಯುತ್ತಿತ್ತು.

ಡಿಗ್ರಿ ಮುಗಿಸಿ ನಾನು ಅವರ ಕೈಕೆಳಗೇ ಸಂಶೋಧನೆಗೆ ಸೇರಿಕೊಂಡೆ. ಬಿರುಕುಬಿಟ್ಟ ಬಂಡೆಯೊಳಗೆ ನೀರು ಹೇಗೆ ಹರಿಯುತ್ತದೆ ಎಂಬುದು ವಿಷಯ. ನಮ್ಮಮ್ಮ ನೆಂಟರ ಮುಂದೆಲ್ಲ, "ಮದ್ವೆ ವಯಸ್ಸಿನ ಹುಡ್ಗಿ, ಬಂಡೆ ನೋಡ್ಕಂಡು ಕೂತವ್ಳೆ" ಎಂದು ಗೋಳಾಡಿದಳು. ಊರಿಗೆ ಹೋದಾಗಲೆಲ್ಲ ನಾನು ಅಮ್ಮನಿಗೆ ಅದನ್ನು ವಿವರಿಸಲು ನೋಡುತ್ತಿದ್ದೆ. ಗುಡ್ಡದ ಹೊಟ್ಟೆಯೊಳಗೆ ಹೊಕ್ಕು ನೋಡಲಾಗದು. ಅದಕ್ಕೆ ಗುಡ್ಡವನ್ನು ಲೆಕ್ಕದಲ್ಲಿ ಸಣ್ಣ ಸಣ್ಣ ತ್ರಿಕೋನಗಳಾಗಿ ಕತ್ತರಿಸುವುದು. ಕತ್ತರಿಸಿದರೆ ಅದು ಮೀನಿನ ಬಲೆಯಂತೆ ಆಗುತ್ತದೆ. ಬಲೆಯ ಪ್ರತಿ ಗಂಟಿಗೂ ಒಂದು ನಂಬರು. ಪ್ರತಿ ಗಂಟಿನಲ್ಲಿ ನೀರಿನ ಮಟ್ಟ ಎಷ್ಟು ಎಂಬುದನ್ನು ಅಕ್ಕಪಕ್ಕದ ಗಂಟುಗಳಿಂದ ಕಂಡುಹಿಡಿಯಬೇಕು. ಸಾವಿರಾರು ಗಂಟುಗಳು ಒಂದನ್ನೊಂದು ಕೇಳಿಕೊಂಡು ಕೊನೆಗೆ ಎಲ್ಲಕ್ಕೂ ಒಪ್ಪುವ ಉತ್ತರಕ್ಕೆ ಬರಬೇಕು. ಕೇಳುವ ಕೆಲಸ ಕಂಪ್ಯೂಟರಿನದು. ಇದಕ್ಕೆ ಫೈನೈಟ್ ಎಲಿಮೆಂಟ್ ಎಂದು ಹೆಸರು. ಅಮ್ಮ ಎಲ್ಲ ಕೇಳಿ, "ಮೀನು ಸಿಕ್ತದಾ?" ಎಂದಿದ್ದಳು. ಮೇಡಂಗೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬಂಡೆಯಲ್ಲಿ ಬಿರುಕು ಇದ್ದರೆ ಈ ಬಲೆಗೆ ಒಂದು ವಿಶೇಷ ಬೇಕಾಗುತ್ತದೆ. ಬಿರುಕಿನ ಆಚೆ ದಡ, ಈಚೆ ದಡ ಎರಡೂ ನಕ್ಷೆಯಲ್ಲಿ ಒಂದೇ ಜಾಗ. ಕೂದಲೆಳೆ ಅಗಲದ ಬಿರುಕನ್ನು ಅಗಲ ಮಾಡಿ ಬರೆಯಲಾಗುವುದಿಲ್ಲ. ಆದ್ದರಿಂದ ಒಂದೇ ಜಾಗದಲ್ಲಿ ಎರಡು ಗಂಟು ಹಾಕಬೇಕು. ಒಂದು ಆಚೆಯದು, ಒಂದು ಈಚೆಯದು. ಅವೆರಡರ ನಡುವೆ ಇಲ್ಲದಂತಿರುವ ಸಂದಿನಲ್ಲೇ ನೀರು ಓಡುವುದು. ಇದನ್ನು ನನಗೆ ಕಲಿಸಿದ್ದು ಮೇಡಂ.

ದೋಣಿಗಲ್ಲಿನ ಆಚೆ, ಘಾಟಿ ರಸ್ತೆಯಿಂದ ಒಳಗೆ, ಒಂದು ಎಸ್ಟೇಟ್ ಇತ್ತು. ಅದರ ಸಾಹುಕಾರರು ಮೇಡಂ ಅವರನ್ನು ಹುಡುಕಿಕೊಂಡು ಕಾಲೇಜಿಗೇ ಬಂದರು. ಕಾಫಿ ಹೂ ಬಿಡುವ ಸಮಯಕ್ಕೆ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು, ಇವರ ಕೆರೆ ಅಷ್ಟು ಹೊತ್ತಿಗೆ ಬತ್ತಿರುತ್ತಿತ್ತು. ಗುಡ್ಡದ ಮೇಲೆ ಬೋರ್ ಕೊರೆಸಬೇಕೆಂಬುದು ಅವರ ಆಸೆ. ಆದರೆ ಗುಡ್ಡದ ಕೆಳಗೆ ಕೆಲಸದವರ ಲೈನ್ ಮನೆಗಳಿದ್ದವು. ಲೈನಿನ ಹಿಂದೆ ಆನೆಯಷ್ಟು ದೊಡ್ಡ ಬಂಡೆ, ಅದರ ಬಿರುಕಿನಿಂದ ಬೇಸಗೆಯಲ್ಲೂ ನಿಲ್ಲದೆ ಬರುವ ಒರತೆ. ಲೈನಿನ ಕುಡಿಯುವ ನೀರು, ಬಟ್ಟೆಬರೆ, ದನಕರು ಎಲ್ಲಕ್ಕೂ ಅದೇ.

"ಬೋರ್ ಹೊಡೆದ್ರೆ ಆ ನೀರು ನಿಂತೋಗುತ್ತೆ ಅನ್ನಂಗಿದ್ರೆ ನಾನು ಹೊಡ್ಸಲ್ಲ ಮೇಡಂ. ನೀವು ಬೇಡ ಅಂದ್ರೆ ಬೇಡ" ಎಂದರು ಸಾಹುಕಾರರು. ಒಳ್ಳೆಯ ಮನುಷ್ಯ. ಅದನ್ನು ಈಗಲೂ ಹೇಳುತ್ತೇನೆ.

ಒಂದು ಬೇಸಗೆ ಪೂರ್ತಿ ನಾವಿಬ್ಬರೂ ಆ ಗುಡ್ಡದ ಮೇಲೆ ಹರಿದಾಡಿದೆವು. ಮೇಡಂ ಸೀರೆಯ ನೆರಿಗೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಬಂಡೆಯ ಮೇಲೆ ಅಂಗಾತ, ಬೋರಲು ಮಲಗಿ ಬಿರುಕುಗಳ ದಿಕ್ಕು, ಇಳಿಜಾರು ಅಳೆಯುತ್ತಿದ್ದರು. ದೊಡ್ಡ ಬಿರುಕೊಂದು ಗುಡ್ಡದ ನೆತ್ತಿಯಿಂದ ಒರತೆಯವರೆಗೆ ಇಳಿದಿತ್ತು. ಅದನ್ನು ಕಂಡ ದಿನ ಅವರು ಮಗುವಿನಂತೆ ಖುಷಿಪಟ್ಟರು. ಲೈನಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯೊಬ್ಬಳು ನಮಗೆ ದಿನಾ ಒರತೆಯ ನೀರು, ಒಂದು ಚೂರು ಬೆಲ್ಲ ತಂದುಕೊಡುತ್ತಿದ್ದಳು. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಮೇಡಂ ಲೋಟ ಖಾಲಿ ಮಾಡಿ, ಇನ್ನೊಂದು ಲೋಟ ಕೇಳಿ ಕುಡಿಯುತ್ತಿದ್ದರು.

ಲೆಕ್ಕ ಮುಗಿಯಿತು. ಬೋರ್ ಹೊಡೆದರೆ ಒರತೆ ಸ್ವಲ್ಪ ಸಣ್ಣದಾಗುತ್ತದೆ, ನಿಲ್ಲುವುದಿಲ್ಲ ಎಂದು ಉತ್ತರ ಬಂತು. ಅದನ್ನು ಹೇಳಲು ಮೇಡಂ ಸಾಹುಕಾರರ ಬಂಗಲೆಗೆ ಹೋಗುವ ಮೊದಲು ಲೈನಿಗೇ ಹೋದರು. ಅಜ್ಜಿ ಕೇಳಿದಳು, "ನೀರು ನಿಲ್ಲಾಕಿಲ್ಲ ತಾನೆ ಅವ್ವಾರೇ?"

"ನಿಲ್ಲಲ್ಲ ಅಜ್ಜಿ. ನನಗೆ ಗೊತ್ತು."

ಬೋರ್ ಲಾರಿ ಬಂತು. ನೀರು ಧಾರಾಳವಾಗಿ ಸಿಕ್ಕಿತು. ಆ ವರ್ಷ ತೋಟದಲ್ಲಿ ಕಾಫಿ ಹೂ ಬೆಳ್ಳಗೆ ಕೂತು, ಆ ಪರಿಮಳ ಘಾಟಿ ರಸ್ತೆಯವರೆಗೂ ಬರುತ್ತಿತ್ತಂತೆ. ಹೂ ಉದುರುವ ಹೊತ್ತಿಗೆ ಒರತೆ ದಾರದಂತಾಯಿತು. ಮುಂಗಾರಿಗೆ ಮುಂಚೆಯೇ ನಿಂತುಹೋಯಿತು. ಮಳೆಗಾಲದಲ್ಲೂ ಬರಲಿಲ್ಲ.

ಸುದ್ದಿ ತಿಳಿದು ನಾವು ಹೋದಾಗ ಮೇಡಂ ಬಿರುಕಿನೊಳಗೆ ಕೈ ತೂರಿಸಿ ಬಹಳ ಹೊತ್ತು ನಿಂತಿದ್ದರು. ಸಾಹುಕಾರರು ಅಷ್ಟರಲ್ಲೇ ಬೋರಿನಿಂದ ಲೈನಿಗೆ ಪೈಪ್ ಎಳೆಸಿ, ತೊಟ್ಟಿ ಕಟ್ಟಿಸಿ, ನಲ್ಲಿ ಹಾಕಿಸಿದ್ದರು. "ಬಂಡೆ ಒಳಗಿಂದು ಯಾರಿಗೆ ಕಾಣುತ್ತೆ ಮೇಡಂ? ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀರು ಕೊಟ್ಟಾಯ್ತಲ್ಲ" ಎಂದು ಕಾಫಿ ಕೊಟ್ಟರು. ಮಾತು ನ್ಯಾಯವಾಗಿಯೇ ಇತ್ತು. ಯಾರೂ ಮೇಡಂ ಅವರನ್ನು ಬೈಯಲಿಲ್ಲ. ಕರೆಂಟು ಇದ್ದಷ್ಟು ಹೊತ್ತು ನಲ್ಲಿಯಲ್ಲಿ ನೀರಿತ್ತು.

ಮೇಡಂ ಮಾತ್ರ ಬಿಡಲಿಲ್ಲ. ಕಾಲೇಜಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಆ ತಿಂಗಳುಗಳಲ್ಲಿ ಬಾಗಿಲ ಹೊರಗೆ ಅವರ ಚಪ್ಪಲಿ ಯಾವಾಗಲೂ ಇರುತ್ತಿತ್ತು. ಪ್ರಿಂಟ್ ತೆಗೆದ ನಕ್ಷೆಯಲ್ಲಿ ದೊಡ್ಡ ಬಿರುಕು ಸರಿಯಾಗಿಯೇ ಇತ್ತು, ಕಪ್ಪು ಗೆರೆಯಾಗಿ, ನೆತ್ತಿಯಿಂದ ಒರತೆಯವರೆಗೆ. ಅಳತೆ ಸರಿ, ಸಮೀಕರಣ ಸರಿ. ಕೊನೆಗೆ ಒಂದು ಮಧ್ಯಾಹ್ನ ಅವರು ಗಂಟುಗಳ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನು ಕರೆದರು.

"ಈ ಜಾಗದಲ್ಲಿ ಎರಡು ಗಂಟು ಇರಬೇಕಿತ್ತಲ್ಲ. ಇನ್ನೊಂದು ಎಲ್ಲಿ?"

ನಾನು ಹುಡುಕಿದೆ. ಆ ಜಾಗದಲ್ಲಿ ಒಂದೇ ಇತ್ತು. ಅದರ ಮುಂದಿನದರಲ್ಲೂ ಒಂದೇ. ಬಿರುಕಿನ ಉದ್ದಕ್ಕೂ ಒಂದೊಂದೇ.

ಮೇಡಂ ತಮ್ಮ ಜೀವನದ ಬಹುಭಾಗ ಅಣೆಕಟ್ಟುಗಳ ಲೆಕ್ಕ ಮಾಡಿದವರು. ಅಣೆಕಟ್ಟಿನ ಬಲೆಯನ್ನು ತುಂಡು ತುಂಡಾಗಿ ಮಾಡಿ ಜೋಡಿಸುವಾಗ ಒಂದೇ ಜಾಗಕ್ಕೆ ಎರಡು ಗಂಟು ಬಿದ್ದರೆ ಅದು ತಪ್ಪು. ಆ ತಪ್ಪು ತೆಗೆಯಲು ಅವರೇ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದರು. ಅದಕ್ಕೆ 'ಪೊರಕೆ' ಎಂದು ಹೆಸರಿಟ್ಟಿದ್ದರು. ಒಂದೇ ಜಾಗದಲ್ಲಿ ಎರಡು ಗಂಟು ಕಂಡರೆ ಪೊರಕೆ ಒಂದನ್ನು ಗುಡಿಸಿ ಹಾಕುತ್ತಿತ್ತು. ಯಾವ ಲೆಕ್ಕವಾದರೂ ಸರಿ, ಕೊನೆಯ ಸಲ ಓಡಿಸುವ ಮುಂಚೆ ಒಮ್ಮೆ ಪೊರಕೆ ಆಡಿಸುವುದು ಅವರ ಕೈಗೆ ಹತ್ತಿದ ಅಭ್ಯಾಸ. ಈ ಸಲವೂ ಆಡಿಸಿದ್ದರು. ಪೊರಕೆ ತನ್ನ ಕೆಲಸ ಮಾಡಿತ್ತು. ನಕ್ಷೆ ಅಳತೆಗಳ ಬೇರೊಂದು ಫೈಲಿನಿಂದ ಬರುತ್ತಿದ್ದುದರಿಂದ ಕಾಗದದ ಮೇಲೆ ಬಿರುಕು ಇತ್ತು. ಲೆಕ್ಕದೊಳಗೆ ಬಂಡೆ ಇಡಿಯಾಗಿತ್ತು.

"ಗುಡ್ಸಿಬುಟ್ಟೈತೆ ಕಣೇ" ಎಂದರು ಮೇಡಂ. "ಬಿರುಕನ್ನೇ ಗುಡ್ಸಿಬುಟ್ಟೈತೆ." ಅವರಿಗೆ ಸಿಟ್ಟು ಬಂದಿರಲಿಲ್ಲ. ಆದರೂ ಹೊಸಕೋಟೆ ಬಂದಿತ್ತು. ನನಗೆ ಹೆದರಿಕೆಯಾಯಿತು.

ಗಂಟುಗಳನ್ನು ಮತ್ತೆ ಹಾಕಿ ಓಡಿಸಿದೆವು. ಈ ಸಲ ಲೆಕ್ಕದಲ್ಲೂ ಒರತೆ ಬತ್ತಿತು.

ಆ ವಾರವೇ ಅವರು ಲೈನಿಗೆ ಹೋದರು. ನಾನೂ ಹೋದೆ. ಹೆಂಗಸರು ನಲ್ಲಿಯ ಹತ್ತಿರ ಕೊಡ ಸಾಲಿಟ್ಟು ಕರೆಂಟಿಗೆ ಕಾಯುತ್ತಾ ಕೂತಿದ್ದರು. ಮೇಡಂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಸೆರಗನ್ನು ಎರಡು ಕೈಯಲ್ಲಿ ಹಿಡಿದು, ಹರಿದ ಬಟ್ಟೆಗೆ ಎರಡು ಅಂಚು ಇರುತ್ತದಲ್ಲ, ನಾನು ಲೆಕ್ಕದಲ್ಲಿ ಆ ಹರಕನ್ನು ಹೊಲಿದುಬಿಟ್ಟಿದ್ದೆ, ಹಾಗಾಗಿ ನೀರು ಅಲ್ಲಿಂದ ಬೋರಿಗೆ ಸೋರಿಹೋಗುವುದು ಕಾಣಲಿಲ್ಲ, ತಪ್ಪು ನನ್ನದು, ಸಾಹುಕಾರರದಲ್ಲ ಎಂದು ಹೇಳಿದರು. ಒಬ್ಬಳು ಎದ್ದು ಮಗುವಿನ ಮೂಗು ಒರೆಸಿದಳು.

ಅಜ್ಜಿ ಕೇಳಿದಳು, "ಬೋರ್ ಮುಚ್ಚಿದ್ರೆ ಬತ್ತದಾ?"

"ಗೊತ್ತಿಲ್ಲ ಅಜ್ಜಿ."

"ಅವತ್ತು ಗೊತ್ತು ಅಂದ್ರಿ" ಎಂದಳು ಅಜ್ಜಿ. "ಇವತ್ತು ಗೊತ್ತಿಲ್ಲ ಅಂತೀರಿ. ಅವತ್ತೇ ಗೊತ್ತಿಲ್ಲ ಅಂದಿದ್ರೆ ನಾವು ಸಾಹುಕಾರ್ರ ಕಾಲು ಹಿಡ್ಕತಿದ್ವಲ್ಲವ್ವ."

ದನಿ ಎತ್ತಿ ಹೇಳಿದ ಮಾತಲ್ಲ. ಮೇಡಂ ಸೆರಗು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಸಕಲೇಶಪುರ ದಾಟುವವರೆಗೂ ಅವರ ಕೈ ಸೆರಗನ್ನು ಬಿಟ್ಟಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವರು ಹೇಗೋ ಸುಧಾರಿಸಿಕೊಳ್ಳುತ್ತಿದ್ದರೇನೋ. ಮರುವರ್ಷ ಅಜ್ಜಿಯ ಮೊಮ್ಮಗಳು ಹೆತ್ತಳು. ಬಾಣಂತಿ ಹೊರಗೆ ಬಂದು ಮೊದಲ ಸಲ ನೀರು ಸೇದುವ ಮುನ್ನ ಗಂಗಮ್ಮನ ಪೂಜೆ ಮಾಡಬೇಕು. ಲೈನಿನವರು ಅದನ್ನು ಯಾವಾಗಲೂ ಆ ಒರತೆಯಲ್ಲೇ ಮಾಡುತ್ತಿದ್ದವರು. ನಲ್ಲಿಗೆ ಪೂಜೆ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ಅಜ್ಜಿ ಮೇಡಂಗೂ ಹೇಳಿಕಳಿಸಿದ್ದಳು. ಸಿಟ್ಟಿನಿಂದಲೋ ಪ್ರೀತಿಯಿಂದಲೋ ನನಗೆ ಇಂದಿಗೂ ತಿಳಿಯದು. ನಾವು ಹೋದಾಗ ಒಣಗಿದ ಬಂಡೆಗೆ ಅರಿಸಿನ, ಕುಂಕುಮ, ಹೂ, ಬಳೆ ಎಲ್ಲ ಏರಿಸಿದ್ದರು. ನಲ್ಲಿಯಿಂದ ಹಿಡಿದುತಂದ ಒಂದು ಕೊಡ ನೀರನ್ನು ಬಾಣಂತಿ ಬಗ್ಗಿ ಬಿರುಕಿನೊಳಗೆ ಸುರಿದಳು. ಮೊದಲು ಗಂಗಮ್ಮನನ್ನು ಅಲ್ಲಿಗೆ ತಂದುಬಿಟ್ಟು ಆಮೇಲೆ ಕೈಮುಗಿಯುವುದು ಅವರೇ ಕಂಡುಕೊಂಡ ದಾರಿ.

ಬಂಡೆ ಆ ನೀರನ್ನು ಗುಟುಕು ಗುಟುಕಾಗಿ ಕುಡಿಯಿತು. ಬಾಯಾರಿದ ದನ ಕುಡಿದಂತೆ ಗಂಟಲಿನ ಸದ್ದು. ಕೊಡ ಖಾಲಿಯಾದ ಮೇಲೂ ಒಳಗೆಲ್ಲೋ ಆಳದಲ್ಲಿ ಆ ಸದ್ದು ಇಳಿಯುತ್ತಾ ಹೋಯಿತು. ಬಾಣಂತಿ ಕೈಮುಗಿದಳು. ಮೇಡಂ ಕಿವಿ ಮುಚ್ಚಿಕೊಂಡರು.

ಅಂದಿನಿಂದ ಆ ಸದ್ದು ಅವರನ್ನು ಬಿಡಲಿಲ್ಲ. ಅವರ ಮನೆಯ ಮಹಡಿ ಕೋಣೆಯಲ್ಲೇ ನಾನಿದ್ದುದರಿಂದ ಎಲ್ಲ ಕಂಡಿದ್ದೇನೆ. ಕೈ ತೊಳೆಯುತ್ತಾ ನಲ್ಲಿ ನಿಲ್ಲಿಸಿ, ಸಿಂಕಿನ ತೂತಿನಲ್ಲಿ ನೀರು ಇಳಿಯುವುದನ್ನು ಉಸಿರು ಹಿಡಿದು ಆಲಿಸುತ್ತಿದ್ದರು. ಗಿಡಕ್ಕೆ ನೀರು ಹಾಕುವುದನ್ನು ಬಿಟ್ಟುಬಿಟ್ಟರು. ಮಾತಿನ ಮಧ್ಯೆ ತಟಕ್ಕನೆ ನಿಂತು, "ಕೇಳಿಸ್ತಾ?" ಎನ್ನುತ್ತಿದ್ದರು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ನನಗೂ ಕೇಳಿಸಲು ಶುರುವಾಯಿತು.

'ಗೊತ್ತು' ಎಂಬ ಪದವನ್ನು ಅವರು ಮತ್ತೆ ಆಡಲಿಲ್ಲ. ಯಾರಾದರೂ ವರದಿಗೆ ಸಹಿ ಕೇಳಿದರೆ, "ಇದು ಹೀಗಿರಬಹುದು" ಎಂದು ಬರೆಯುತ್ತಿದ್ದರು. ಅಂಥ ವರದಿ ಯಾರಿಗೆ ಬೇಕು? ಬರುವವರು ಕಡಿಮೆಯಾದರು. ಹೊಸ ಹುಡುಗರು ಅವರಿಗೆ 'ಗೊತ್ತಿಲ್ಲ ಮೇಡಂ' ಎಂದು ಅಡ್ಡಹೆಸರಿಟ್ಟರು. ಒಮ್ಮೆ ಕಾರಿಡಾರಿನಲ್ಲಿ ಯಾರೋ ಹಾಗೆ ಕರೆದದ್ದು ಅವರ ಕಿವಿಗೇ ಬಿತ್ತು. ನಾನು ಜಗಳಕ್ಕೆ ಹೊರಟರೆ ನನ್ನ ಕೈ ಹಿಡಿದು, "ಬಿಡು ಮಾರಾಯ್ತಿ. ಸರಿಯಾಗೇ ಇಟ್ಟಿದ್ದಾರೆ" ಎಂದರು. ಪೊರಕೆಯನ್ನು ಅವರು ಅಳಿಸಿಹಾಕಲಿಲ್ಲ. ಪ್ರತಿ ಹೊಸ ವಿದ್ಯಾರ್ಥಿಗೂ ಮೊದಲ ಪಾಠವಾಗಿ ಅದನ್ನು ಓಡಿಸಿ ತೋರಿಸಿ, ತಾವು ಏನು ಮಾಡಿದೆವೆಂದು ಒಂದೂ ಬಿಡದೆ ಹೇಳುತ್ತಿದ್ದರು. ಕೇಳುವವರಿಗೇ ಮುಜುಗರವಾಗುತ್ತಿತ್ತು.

ಅವರು ನಿವೃತ್ತರಾಗಿ, ನಾನು ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲಕ್ಕೆ ಸಾಹುಕಾರರು ತೀರಿಕೊಂಡು ತೋಟ ಅವರ ಮಗನ ಕೈಗೆ ಬಂದಿತ್ತು. ಮೋಟರು ಕಳಚಿ ಬೋರಿನೊಳಗೆ ಬಿದ್ದು ಸಿಕ್ಕಿಕೊಂಡಿತು. ಎತ್ತಲಾಗದೆ ಮಗ ಅದನ್ನು ಹಾಗೇ ಬಿಟ್ಟು, ದೂರದಲ್ಲಿ ಬೇರೆ ಕೆರೆ ತೋಡಿಸಿ, ಲೈನಿನ ಪೈಪನ್ನೂ ಅದಕ್ಕೇ ಜೋಡಿಸಿದ. ಇನ್ನು ಒರತೆ ಬಂದೇ ಬರುತ್ತದೆಂದು ಲೈನಿನವರೆಲ್ಲ ಕಾದರು. ಮಳೆಗಾಲ ಕಳೆಯಿತು, ಬರಲಿಲ್ಲ.

ಮೇಡಂ ನಮ್ಮ ಹಳೆಯ ಬಲೆಯನ್ನು ಮತ್ತೆ ಬಿಚ್ಚಿದರು. ಈ ಸಲ ಬೋರಿನ ಕೊಳವೆಯನ್ನೇ ಒಂದು ಬಿರುಕೆಂದು ಎಣಿಸಿ ಬಲೆಯೊಳಗೆ ಸೇರಿಸಿದರು. ಆಗ ಕಂಡಿತು. ಮೇಲಿನ ಬಿರುಕಿನ ನೀರು ಬೋರಿನ ತೂತಿನಲ್ಲಿ ಇಳಿದು ಆಳದ ಇನ್ನೊಂದು ಬಿರುಕಿಗೆ ಹೋಗುತ್ತಿತ್ತು. ಮೋಟರು ಇರಲಿ ಬಿಡಲಿ, ತೂತು ಇರುವವರೆಗೂ ಅದು ಇಳಿಯುತ್ತಲೇ ಇರುತ್ತದೆ. ತೂತನ್ನು ಸಿಮೆಂಟಿನಿಂದ ತುಂಬಿದರೆ ಒರತೆ ಮರಳುತ್ತದೆ ಎಂದು ಲೆಕ್ಕ ಹೇಳಿತು. ನಾನು ಮೂರು ರೀತಿಯಲ್ಲಿ ಪರೀಕ್ಷೆ ಮಾಡಿದೆ. ಪೊರಕೆಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

ಸಾಹುಕಾರರ ಮಗನನ್ನು ಒಪ್ಪಿಸಲು ಮೇಡಂ ಆ ಬಂಗಲೆಯ ಜಗಲಿಯಲ್ಲಿ ಎಷ್ಟು ಸಲ ಹೋಗಿ ಕೂತರೋ! "ಕೆಟ್ಟ ಬೋರಿಗೆ ಸಿಮೆಂಟ್ ಸುರಿಯೋದಾ?" ಎಂದು ಅವನಿಗೆ ನಗು. ಕೊನೆಗೆ ಇವರ ಕಾಟ ತಡೆಯಲಾರದೆ ಒಪ್ಪಿದ. ತೆಳ್ಳನೆಯ ಸಿಮೆಂಟಿನ ಹಾಲನ್ನು ಪೈಪಿನಲ್ಲಿ ಮೋಟರು ಸಿಕ್ಕಿಕೊಂಡ ಆಳದವರೆಗೂ ಇಳಿಬಿಟ್ಟು, ಅಲ್ಲಿಂದ ತೂತಿನ ಬಾಯಿಯವರೆಗೆ ತುಂಬಿಸುವಾಗ ಮೇಡಂ ಬಿಸಿಲಲ್ಲೇ ನಿಂತಿದ್ದರು. ಆಗಲೇ ಅವರಿಗೆ ಮೈ ಸರಿಯಿರಲಿಲ್ಲ. ಅಜ್ಜಿ ಕೋಲೂರಿಕೊಂಡು ಗುಡ್ಡ ಹತ್ತಿ ಬಂದಿದ್ದಳು.

"ಈಗ್ಲಾದ್ರೂ ಗೊತ್ತಾ ಅವ್ವಾರೇ?"

"ಲೆಕ್ಕ ಬರುತ್ತೆ ಅಂತೈತೆ ಅಜ್ಜಿ" ಎಂದರು ಮೇಡಂ. "ನಂಗೆ ಗೊತ್ತಿಲ್ಲ."

ಅಜ್ಜಿ ಅವರ ಮುಖ ನೋಡಿ, ತನ್ನ ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದಳು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಮೇಡಂ ಹಾಸಿಗೆ ಹಿಡಿದ ಮೇಲೆ ಒರತೆ ನೋಡಿಬರುವ ಕೆಲಸ ನನ್ನದಾಯಿತು. ಒಂದು ಚೊಂಬು ನೀರು ಸುರಿಯುವುದು, ಕಿವಿಗೊಡುವುದು, ಹಾಸನಕ್ಕೆ ಬಂದು ಹೇಳುವುದು. ಅವರು ನನ್ನ ಮುಖ ಕಂಡೊಡನೆ ಕೇಳುತ್ತಿದ್ದುದು ಒಂದೇ: "ಕುಡೀತಾ ಐತಾ?"

"ಕುಡೀತಾ ಇದೆ ಮೇಡಂ."

ಸುಳ್ಳು ಹೇಳಿಬಿಡೋಣ ಎಂದು ಎಷ್ಟೋ ಸಲ ಅನಿಸಿತು. ಅವರ ಶಿಷ್ಯೆಯಾಗಿ ಹೇಳಲಾಗಲಿಲ್ಲ. ಅವರು ಆಷಾಢದಲ್ಲಿ ಹೋದರು. ಬಾಯಿಗೆ ನೀರು ಬಿಟ್ಟದ್ದು ನಾನೇ. ಒಂದು ಚಮಚ ಇಳಿಯಿತು, ಎರಡನೆಯದು ಕಟಬಾಯಿಯಲ್ಲಿ ಹೊರಬಂತು. ಅವರು ಈ ಲೋಕದಲ್ಲಿ ಕೇಳಿದ ಕೊನೆಯ ಸುದ್ದಿ, ಬಂಡೆ ಇನ್ನೂ ಕುಡಿಯುತ್ತಿದೆ ಎಂಬುದು. ಅದನ್ನು ಹೇಳಿದವಳು ನಾನು.

ಅದಾಗಿ ಎರಡು ವರ್ಷ ತುಂಬುವ ಹೊತ್ತಿಗೆ ನನ್ನ ಮದುವೆಯಾಗಿ ಮಗಳು ಹುಟ್ಟಿದ್ದಳು. ಗಂಗಮ್ಮನ ಪೂಜೆಯನ್ನು ಆ ಲೈನಿನ ಬಂಡೆಯಲ್ಲೇ ಮಾಡುತ್ತೇನೆಂದು ಹಟ ಹಿಡಿದೆ. "ನಮ್ಮೂರಾಗೆ ಬಾವಿ ಇಲ್ವೇನೇ? ಎಳೇ ಬಾಣಂತಿ ಘಾಟಿ ತಂಕ ಹೋಯ್ತೀನಿ ಅಂತಾಳಲ್ಲ" ಎಂದು ಅಮ್ಮ ಕೂಗಾಡಿದಳು, ಆಮೇಲೆ ಮಗುವನ್ನೆತ್ತಿಕೊಂಡು ಅವಳೇ ಮೊದಲು ಜೀಪು ಹತ್ತಿದಳು. ಕಡು ಬೇಸಗೆ. ತಿಂಗಳುಗಳಿಂದ ಮಳೆಯಿರಲಿಲ್ಲ. ಅಜ್ಜಿ ಬಂಡೆಗೆ ಅರಿಸಿನ ಹಚ್ಚಿ, ನಲ್ಲಿಯ ನೀರು ತುಂಬಿದ ಕೊಡವನ್ನು ನನ್ನ ಕೈಗೆ ಕೊಟ್ಟಳು.

ನಾನು ಬಗ್ಗಿ ನೀರು ಸುರಿದು, ಆ ಗುಟುಕಿನ ಸದ್ದಿಗೆ ಮೈ ಬಿಗಿಹಿಡಿದು ಕಾದೆ. ಸದ್ದು ಬರಲಿಲ್ಲ. ನೀರು ಒಳಗಿಳಿಯದೆ ಬಿರುಕಿನ ಅಂಚಿನವರೆಗೆ ತುಂಬಿ, ಹೊರಕ್ಕೆ ಚೆಲ್ಲಿ, ಅರಿಸಿನ ಕುಂಕುಮವನ್ನೆಲ್ಲ ಕೊಚ್ಚಿಕೊಂಡು ನನ್ನ ಪಾದದ ಮೇಲೆ ಹರಿಯಿತು.

"ಇದ್ಯಾಕವ್ವ, ಕುಡೀತಾನೇ ಇಲ್ಲ!" ಎಂದಳು ಅಜ್ಜಿ.

ನಾನು ಬಿರುಕಿನೊಳಗೆ ಕೈ ಹಾಕಿದೆ. ಮೊಣಕೈವರೆಗೆ ನೀರು. ಬೊಗಸೆಯಲ್ಲಿ ಮೊಗೆದು ಮೊಗೆದು ಹೊರಹಾಕಿದೆ. ಮಟ್ಟ ಇಳಿಯಿತು. ಅಮ್ಮ, ಅಜ್ಜಿ, ಲೈನಿನ ಹೆಂಗಸರು ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಅದು ನಿಧಾನವಾಗಿ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಮತ್ತೆ ಮೇಲೆ ಬಂತು. ಮೇಡಂಗೆ ಈಗಲೇ ಹೋಗಿ ಹೇಳಬೇಕು ಎಂದು ಎದ್ದು ನಿಂತೆ. ಎದ್ದು ನಿಂತ ಮೇಲೆ ನೆನಪಾಯಿತು. ಅಲ್ಲೇ ಬಂಡೆಗೆ ಹಣೆಯಿಟ್ಟು ಅತ್ತೆ.

ಅಜ್ಜಿ ನನ್ನ ಬೆನ್ನು ಸವರುತ್ತಾ ಕೇಳಿದಳು, "ಹೊರೀಕೆ ಬತ್ತದೇನವ್ವ ಇನ್ನ?"

ಬರುತ್ತದೆ ಎಂದು ಲೆಕ್ಕ ಹೇಳಿತ್ತು. ನೀರು ಕಣ್ಣೆದುರೇ ಏರುತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು, "ಗೊತ್ತಿಲ್ಲ ಅಜ್ಜಿ."

ಅಜ್ಜಿ ನನ್ನ ಕೈಯಿಂದ ಖಾಲಿ ಕೊಡವನ್ನು ತೆಗೆದುಕೊಂಡು ಬಿರುಕಿನ ಕೆಳಗೆ ಇಟ್ಟಳು. ಪಕ್ಕದಲ್ಲಿ ಕೋಲು ಮಲಗಿಸಿ, ಅಲ್ಲೇ ನೆಲದ ಮೇಲೆ ಕೂತಳು.